ಸಮುದ್ರಕ್ಕೆ ಸುಮ್ನೆ ಹೋಗುವ ನೀರು

ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು ನೀರು ಕಂಡ ತಕ್ಷಣ ಅಳೆಯೋಕೆ ಶುರು ಮಾಡುತ್ತಾರೆ. ಕೆರೆ ನೋಡಿದರೆ ತೂಬಿನ ಎಷ್ಟನೇ ಕಲ್ಲಿಗೆ ನೀರು ನಿಂತಿದೆ ಅನ್ನೋದು ಮೊದಲು ಕಣ್ಣಿಗೆ ಬೀಳುತ್ತದೆ. ಬೋರ್ ಕೊರೆಸಿದರೆ ಎರಡೇ ಪ್ರಶ್ನೆ: ಎಷ್ಟು ಅಡಿಗೆ ಸಿಕ್ತು, ಎಷ್ಟು ಇಂಚು ಬಂತು. ಸಾವಿರದಿನ್ನೂರು ಅಡಿಗೆ ಒಂದೂವರೆ ಇಂಚು ಅಂದರೆ ಪರವಾಗಿಲ್ಲ ಬಿಡಪ್ಪ, ದೇವರು ಕಣ್ಣು ಬಿಟ್ಟ ಅಂತಾರೆ. ನೆಂಟರ ಮನೆಗೆ ಹೋದರೂ ಸಂಪು ಎಷ್ಟು ಲೀಟರಿನದು ಅಂತ ಕೇಳೋ ಜನ ನಾವು. ಇಂಥವರಿಗೆ ದೋಣಿಯಲ್ಲಿ ಕೂತು, ಮೀನೂ ಹಿಡಿಯದೆ, ಎಲ್ಲಿಗೂ ಹೋಗಬೇಕಿಲ್ಲದೆ, ಒಂದು ಇಡೀ ದಿನ ನೀರಿನ ಮೇಲೆ ಸುಮ್ನೆ ಕಳೆಯೋದು ಅಂದರೆ ಒಂಥರಾ ಮುಜುಗರ. ಕೆಲಸ ಇಲ್ಲದೆ ನೀರಿನ ಹತ್ತಿರ ಹೋಗಬಾರದು ಅಂತ ಚಿಕ್ಕಂದಿನಲ್ಲಿ ಬೈಸಿಕೊಂಡೇ ಬೆಳೆದವರು.

ನಮ್ಮ ಕಡೆ ಇನ್ನೊಂದು ಮಾತಿದೆ. ಟೀ ಅಂಗಡಿ, ಮದುವೆ ಮನೆ, ಚುನಾವಣಾ ಭಾಷಣ ಎಲ್ಲಾ ಕಡೆ ಕೇಳಿಸುತ್ತದೆ. "ಪಶ್ಚಿಮ ಘಟ್ಟದ ನೀರೆಲ್ಲ ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತಿದೆ, ನಮಗೆ ಕುಡಿಯೋಕೆ ಇಲ್ಲ." ನಾನು ಶ್ರೀನಿವಾಸಪುರ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪಶ್ಚಿಮಕ್ಕೆ ಹರಿಯುವ ನದಿಗಳ ಪಾಠ ಮಾಡುವಾಗ ಈ ಮಾತನ್ನು ನಾನೂ ಧಾರಾಳವಾಗಿ ಹೇಳಿದ್ದೇನೆ. ಆದರೆ ಆ ನೀರು ಸಮುದ್ರಕ್ಕೆ ಸೇರುವ ಜಾಗದಲ್ಲಿ ಒಂದು ದಿನ ಕೂತು ನೋಡಿದ್ದು ಈ ಬೇಸಿಗೆ ರಜೆಯಲ್ಲೇ.

ಕರೆದವರು ನಮ್ಮೂರಲ್ಲಿ ಹಿಂದೆ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಊರವರಿಗೆ ಇವತ್ತಿಗೂ ಅವರು 'ಮ್ಯಾನೇಜರ್ ಸಾರ್' ಅಷ್ಟೇ. ಮೂಲತಃ ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಹತ್ತಿರದವರು, ರಿಟೈರ್ ಆದ ಮೇಲೆ ಅಲ್ಲೇ ಹೋಗಿ ನೆಲೆಸಿದ್ದಾರೆ. ಹೋದವರು ಒಂದು ಹಳೇ ಫೈಬರ್ ದೋಣಿ ಕೊಂಡುಕೊಂಡರು. ಔಟ್‌ಬೋರ್ಡ್ ಎಂಜಿನ್ನು, ಬಿಸಿಲಿಗೆ ಮೇಲೊಂದು ಟಾರ್ಪಾಲು, ಆರೇಳು ಜನ ಕೂರುವಷ್ಟು ಜಾಗ. ಅವರ ಊರಲ್ಲೇ ಇದೊಂದು ತಮಾಷೆಯ ವಿಷಯವಂತೆ. ನಮ್ಮ ಕರಾವಳಿ ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ ಇದ್ದರೂ, ತಿರುಗಾಟಕ್ಕೆ ಅಂತ ಸ್ವಂತ ದೋಣಿ ಇಟ್ಟುಕೊಂಡವರು ಅಪರೂಪ. ದೋಣಿ ಅಂದರೆ ಅಲ್ಲಿ ದುಡಿಮೆ. ಮೀನಿಗಲ್ಲದೆ ಪೆಟ್ರೋಲ್ ಸುಡೋರನ್ನ ಇವರೊಬ್ಬರನ್ನೇ ಕಂಡಿದ್ದು ಅಂತ ಅವರ ತಾಂಡೇಲರು ನಮ್ಮ ಮುಂದೆಯೇ ಹೇಳಿದರು. ತಾಂಡೇಲರು ಅಂದರೆ ದೋಣಿ ನಡೆಸುವವರು. ವಯಸ್ಸಾಗಿದೆ, ದೊಡ್ಡ ಬೋಟುಗಳಲ್ಲಿ ದುಡಿದು ಬಿಟ್ಟವರು, ಈಗ ಮ್ಯಾನೇಜರ್ ಸಾರ್ ಕರೆದಾಗ ಬರುತ್ತಾರೆ.

ನಾನು ಮತ್ತು ನನ್ನ ಹೆಂಡತಿ ಒಂದು ಬಾಕ್ಸ್ ಬಾದಾಮಿ ಮಾವು ಹೊತ್ತುಕೊಂಡು ರಾತ್ರಿ ಬಸ್ಸಿಗೆ ಹೊರಟೆವು. ಮೇ ತಿಂಗಳು, ಹುಣ್ಣಿಮೆ ಕಳೆದ ಮಾರನೇ ದಿನ ದೋಣಿ. ದಿನ ಗೊತ್ತು ಮಾಡಿದ್ದು ಅವರೇ, ನಮ್ಮ ರಜೆ ನೋಡಿ ಅಲ್ಲ, ಉಬ್ಬರ ಇಳಿತ ನೋಡಿ.

ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆ ನಡುವಿನ ಜಾಗ ನೋಡದವರಿಗೆ ಸ್ವಲ್ಪ ಹೇಳಬೇಕು. ಸೀತಾ ಮತ್ತು ಸ್ವರ್ಣಾ ಎರಡೂ ನದಿಗಳು ಇಲ್ಲಿಗೆ ಬಂದು ಕೂಡಿ ಸಮುದ್ರ ಸೇರುತ್ತವೆ. ಸ್ವರ್ಣಾ ಮಾತ್ರ ನೇರವಾಗಿ ಸೇರುವುದಿಲ್ಲ. ಸಮುದ್ರದ ಹತ್ತಿರ ಬಂದು, ಮನಸ್ಸು ಬದಲಾಯಿಸಿದವರಂತೆ ಉತ್ತರಕ್ಕೆ ತಿರುಗಿ, ದಡದ ಪಕ್ಕದಲ್ಲೇ ಕಿಲೋಮೀಟರುಗಟ್ಟಲೆ ಹರಿಯುತ್ತದೆ. ಹೀಗಾಗಿ ನದಿಗೂ ಕಡಲಿಗೂ ನಡುವೆ ಉದ್ದನೆಯ ಮರಳಿನ ಪಟ್ಟಿ ಉಳಿದಿದೆ. ಅದರ ಮೇಲೆ ಮನೆ, ತೆಂಗು, ರಸ್ತೆ, ಗುಡಿ ಎಲ್ಲಾ ಇದೆ. ಪಟ್ಟಿಯ ತುದಿಯಲ್ಲಿ ನಿಂತರೆ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ, ಎದುರಿಗೆ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ. ನೀರಿಗೆ ಹೊರಡುವ ದಾರಿ ಅದೇ.

ಲೈಫ್ ಜಾಕೆಟ್ ಹಾಕಿಕೊಳ್ಳದೆ ಯಾರೂ ಹತ್ತುವ ಹಾಗಿಲ್ಲ ಅಂತ ಮ್ಯಾನೇಜರ್ ಸಾರ್ ಮೊದಲೇ ಹೇಳಿದ್ದರು. ಈಜು ಬರುತ್ತಾ ಅಂತ ಕೇಳಿದರು. ಬರುತ್ತೆ, ಬಾವಿಯಲ್ಲಿ ಕಲಿತದ್ದು ಅಂದೆ. ನಮ್ಮ ತೋಟದ ಬಾವಿಯಲ್ಲಿ ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿ ಅಪ್ಪ ಮೇಲಿಂದ ತಳ್ಳುತ್ತಿದ್ದರು. ಆ ಬಾವಿ ಬತ್ತಿ ಎಷ್ಟೋ ವರ್ಷ ಆಯಿತು, ಈಗ ಅದರೊಳಗೆ ಜಾಲಿ ಬೆಳೆದಿದೆ. ನನ್ನ ಶಾಲೆಯ ಮಕ್ಕಳಲ್ಲಿ ಈಜು ಬರುವವರು ಬೆರಳೆಣಿಕೆ. ಕಲಿಯೋದಾದರೂ ಎಲ್ಲಿ? ಒಂದೆರಡು ವರ್ಷ ಮಳೆ ಜಾಸ್ತಿಯಾಗಿ ಕೆರೆ ತುಂಬಿದಾಗ ನಮ್ಮ ಕಡೆ ಮಕ್ಕಳು ಮುಳುಗಿದ ಸುದ್ದಿ ಬರೋದು ಇದಕ್ಕೇ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಹರಿದಾಗ ಇಡೀ ಊರೇ ನೋಡೋಕೆ ಹೋಗಿತ್ತು, ನಾನು ಮಾತ್ರ ಶಾಲೆ ಹುಡುಗರನ್ನು ನೀರಿಂದ ದೂರ ಓಡಿಸೋದರಲ್ಲೇ ಇದ್ದೆ.

ಏಳು ಗಂಟೆಗೆ ಹೊರಟೆವು. ಅಳಿವೆ ಹತ್ತಿರ ಬಂದಾಗ ತಾಂಡೇಲರು ಎಂಜಿನ್ ನಿಧಾನ ಮಾಡಿ ನಿಂತೇಬಿಟ್ಟರು. ಮುಂದೆ ಅಲೆ ಒಡೆಯುತ್ತಿರುವ ಒಂದು ಬಿಳಿ ಗೆರೆ. ನದಿ ತಂದ ಮರಳು ಅಲ್ಲಿ ನೀರಿನೊಳಗೆ ದಿಬ್ಬ ಕಟ್ಟಿರುತ್ತದೆ, ಅದಕ್ಕೇ ಅಲೆ ಅಲ್ಲಿ ಎದ್ದು ಮುರಿಯೋದು. ಮಳೆಗಾಲ ಕಳೆದಾಗೆಲ್ಲ ಆ ದಿಬ್ಬ ಜಾಗ ಬದಲಾಯಿಸುತ್ತದಂತೆ, ಹೋದ ವರ್ಷದ ದಾರಿ ಈ ವರ್ಷ ನಂಬೋ ಹಾಗಿಲ್ಲ. ಅಪಾಯ ಜಾಸ್ತಿ ಇರೋದು ಇಳಿತದ ಹೊತ್ತಿನಲ್ಲಿ. ಹೊಳೆ ನೀರು ಜೋರಾಗಿ ಹೊರಗೆ ಓಡುತ್ತಿರುತ್ತದೆ, ಕಡಲ ಅಲೆ ಒಳಗೆ ಬರುತ್ತಿರುತ್ತದೆ, ಎರಡೂ ಎದುರುಬದುರಾದಾಗ ಅಲೆ ನೆಟ್ಟಗೆ ಏಳುತ್ತದೆ. ನಾವು ಹೊರಟಾಗ ಏರು ಶುರುವಾಗಿತ್ತು. ಕಡಲಿನ ನೀರೇ ಒಳಗೆ ಬರುತ್ತಿದ್ದುದರಿಂದ ಅಷ್ಟು ಗಲಾಟೆ ಇರಲಿಲ್ಲ. ಆದರೂ ಅವರು ಅಲೆಗಳನ್ನು ನೋಡುತ್ತಾ ನಿಂತರು, ಒಂದಾದ ಮೇಲೊಂದು ದೊಡ್ಡವು ಹೋಗಲಿ ಅಂತ ಬಿಟ್ಟು, ಆಮೇಲೆ ಒಂದೇ ಸಲ ಎಂಜಿನ್ ಜೋರು ಮಾಡಿದರು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ನಾನು ಟಾರ್ಪಾಲಿನ ಕಂಬ ಹಿಡಿದುಕೊಂಡೆ.

ನನಗೆ ನಮ್ಮೂರ ನೀರಗಂಟಿ ನೆನಪಾದರು. ಕೆರೆ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಅವರೊಬ್ಬರ ಕೈಲಿತ್ತು. ಕಾಗದ ಪತ್ರ ಏನಿಲ್ಲ, ನೀರು ನೋಡಿಯೇ ಹೇಳೋರು. ನಮ್ಮ ಕಡೆ ಆ ಕೆಲಸವೇ ಹೋಯಿತು. ಬೋರ್‌ವೆಲ್ ಬಂದ ಮೇಲೆ ಪ್ರತಿಯೊಬ್ಬರೂ ಅವರವರ ಹೊಲಕ್ಕೆ ಅವರವರೇ ನೀರಗಂಟಿ.

ದಿಬ್ಬ ದಾಟಿದ ಮೇಲೆ ಕಡಲು ಸಮಾಧಾನವಾಗಿತ್ತು. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಹೀಗೇ ಇರುತ್ತದಂತೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸುತ್ತಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಉಲ್ಟಾ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದ ಹಾಗೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಇದನ್ನು ಒಂಬತ್ತನೇ ಕ್ಲಾಸಿಗೆ ಕಡಲ ಗಾಳಿ, ನೆಲ ಗಾಳಿ ಅಂತ ಬೋರ್ಡಿನ ಮೇಲೆ ಬಾಣ ಹಾಕಿ ಪಾಠ ಮಾಡುತ್ತಾ ಬಂದಿದ್ದೇನೆ. ಬೆನ್ನಿಗೆ ತಾಗಿದ್ದು ಆವತ್ತೇ. ತಾಂಡೇಲರಿಗೆ ಬಾಣ ಗೊತ್ತಿಲ್ಲ, ಗಂಟೆ ಗೊತ್ತು. "ಹನ್ನೊಂದು ಗಂಟೆ ಒಳಗೆ ತಿರುಗಿಸ್ಬೇಕು ಮೇಷ್ಟ್ರೆ, ಆಮೇಲೆ ಗಾಳಿ ಬರ್ತದೆ" ಅಂದರು.

ದೋಣಿಯಲ್ಲಿ ಮೀನುಗಾರರು ಬಳಸುವ ಸಣ್ಣ ಸ್ಕ್ರೀನ್ ಒಂದಿತ್ತು. ತಳಕ್ಕೆ ಶಬ್ದ ಕಳಿಸಿ ಅದು ವಾಪಸ್ ಬರುವ ಹೊತ್ತಿನಿಂದ ಆಳ ಹೇಳುತ್ತದೆ. ನಾನು ಅದರ ಪಕ್ಕದಲ್ಲೇ ಕೂತೆ. ಐದು ಮೀಟರ್, ಏಳು, ಎಂಟು. ಸುತ್ತ ಇಷ್ಟು ದೊಡ್ಡ ಸಮುದ್ರ ಬಿಟ್ಟು ಈ ಮನುಷ್ಯ ಮೀಟರ್ ನೋಡ್ಕೊಂಡು ಕೂತಿದ್ದಾನೆ ಅಂತ ಹೆಂಡತಿ ನಕ್ಕಳು. ಏನು ಮಾಡೋದು, ಅಭ್ಯಾಸ. ಮೂವತ್ತು ಅಡಿಗೇ ತಳ ಸಿಗುತ್ತಲ್ಲ ಅಂತ ನನಗೆ ಆಶ್ಚರ್ಯ. ಸಮುದ್ರ ಅಂದರೆ ದಡ ಬಿಟ್ಟ ಕೂಡಲೇ ಪಾತಾಳ ಅಂದುಕೊಂಡಿದ್ದೆ. ನಮ್ಮ ಪಶ್ಚಿಮ ಕರಾವಳಿಯ ಎದುರು ತುಂಬಾ ದೂರದವರೆಗೆ ತಳ ನಿಧಾನವಾಗಿ ಇಳಿಯುತ್ತದೆ. ಮೀನು ಜಾಸ್ತಿ ಸಿಗೋಕೆ ಇದೂ ಒಂದು ಕಾರಣ. ನಮ್ಮ ಒಂದು ಸಾಧಾರಣ ಬೋರ್‌ವೆಲ್ ಈ ಕಡಲ ತಳಕ್ಕಿಂತ ಮೂವತ್ತು ನಲವತ್ತು ಪಟ್ಟು ಆಳ ಅಂತ ಲೆಕ್ಕ ಹಾಕಿ ಹೇಳಿದೆ. ಮ್ಯಾನೇಜರ್ ಸಾರ್ ನಗಲಿಲ್ಲ. ಬೋರ್‌ವೆಲ್ ಸಾಲದ ಫೈಲುಗಳನ್ನು ಅವರೇ ನೋಡಿದವರು. ಮೂರು ಬೋರ್ ಫೇಲಾಗಿ ನಾಲ್ಕನೆಯದಕ್ಕೆ ಸಾಲ ಕೇಳೋಕೆ ಬಂದವರ ಮುಖ ಅವರಿಗೆ ನೆನಪಿದೆ.

ದಕ್ಷಿಣಕ್ಕೆ ಆರೇಳು ಕಿಲೋಮೀಟರ್ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಮಲ್ಪೆಯಿಂದ ಟೂರಿಸ್ಟ್ ಬೋಟುಗಳು ಬರುವ ಜಾಗ. ನಾವು ಇಳಿಯಲಿಲ್ಲ, ದೂರದಿಂದ ಸುತ್ತು ಹೊಡೆದೆವು. ಆ ಹೊತ್ತಿಗಾಗಲೇ ಅಲ್ಲಿ ಹಾಡು, ಸೆಲ್ಫಿ ಜೋರಾಗಿತ್ತು. ನೀರಿನಿಂದ ನೋಡಿದಾಗಲೇ ಆ ಕಲ್ಲುಗಳು ಚೆನ್ನಾಗಿ ಕಾಣುತ್ತವೆ ಅಂತ ನನ್ನ ಅನಿಸಿಕೆ. ಕೊಯ್ದು ನಿಲ್ಲಿಸಿದ ಹಾಗೆ ಪಟ್ಟೆ ಪಟ್ಟೆಯ ಕಂಬಗಳು, ಬಹಳಷ್ಟು ಆರು ಮುಖದವು. ಲಾವಾ ಆರಿ ಕುಗ್ಗುವಾಗ ಬಿರುಕು ಬಿಟ್ಟು ಆದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ಇದು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಗೆ ಬಂದು ಶಿಲುಬೆ ನೆಟ್ಟ, ಅದಕ್ಕೇ ಈ ಹೆಸರು ಅನ್ನೋದು ಜನ ಹೇಳಿಕೊಂಡು ಬಂದ ಕತೆ. ನನಗೆ ವಾಸ್ಕೋ ಡ ಗಾಮಗಿಂತ ಮಡಗಾಸ್ಕರ್ ಕತೆಯೇ ಇಷ್ಟ. ಕೋಲಾರದ ಚಿನ್ನದ ಗಣಿ ಇರುವ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ಅಂತ ಹೇಳಿದಾಗ ತಾಂಡೇಲರು, "ಅಷ್ಟು ಹಳೆ ಊರು ಮಾರಾಯ್ರೆ ನಿಮ್ಮದು, ಆದ್ರೂ ನೀರು ಮಾಡಿಕೊಳ್ಲಿಲ್ವಾ?" ಅಂದರು. ಉತ್ತರ ಇರಲಿಲ್ಲ. ಮಾಡಿಕೊಂಡಿದ್ದೆವು, ಸಾವಿರಾರು ಕೆರೆ ಕಟ್ಟಿದ್ದೆವು, ಉಳಿಸಿಕೊಳ್ಳಲಿಲ್ಲ ಅನ್ನೋದು ಆಮೇಲೆ ಹೊಳೆಯಿತು.

ದ್ವೀಪದಿಂದ ಸ್ವಲ್ಪ ದೂರ ಬಂದು ಎಂಜಿನ್ ಆಫ್ ಮಾಡಿದರು. ಲಂಗರೂ ಹಾಕಲಿಲ್ಲ, ದೋಣಿ ತನ್ನ ಪಾಡಿಗೆ ತೇಲುತ್ತಿತ್ತು. ಆ ಒಂದು ಗಂಟೆಯನ್ನು ವಿವರಿಸೋಕೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಕೂತಿದ್ದೆವು, ಅಷ್ಟೇ. ಡಾಲ್ಫಿನ್ ಕಾಣಬಹುದು ಅಂದಿದ್ದರು, ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು, ಕಂಡಿದ್ದರೆ ಎಲ್ಲರೂ ಫೋನ್ ಹಿಡಿದು ಎದ್ದು ನಿಂತು ದೋಣಿ ಅಲ್ಲಾಡಿಸುತ್ತಿದ್ದೆವು. ಹನ್ನೊಂದರ ಹೊತ್ತಿಗೆ ಮ್ಯಾನೇಜರ್ ಸಾರ್ ಮನೆಯವರು ಕಟ್ಟಿಕೊಟ್ಟಿದ್ದ ಡಬ್ಬಿ ತೆರೆದರು. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ, ಉಪ್ಪಿನಕಾಯಿ. ಗಂಜಿ ಅಂದರೆ ಜ್ವರದ ಊಟ ಅಂತ ತಿಳಿದಿದ್ದ ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು. ಬಿಸಿಲಲ್ಲಿ ಬೆವರು ಸುರಿದ ಮೇಲೆ ಉಪ್ಪು, ನೀರು, ಅನ್ನ ಮೂರೂ ಒಟ್ಟಿಗೆ ಹೊಟ್ಟೆಗೆ ಬೀಳುತ್ತದೆ, ಅದಕ್ಕಿಂತ ಒಳ್ಳೆಯ ಬೇಸಿಗೆ ಊಟ ಯಾವುದಿದೆ? ನಮ್ಮ ರಾಗಿ ಅಂಬಲಿ ಮಾಡುವುದೂ ಇದನ್ನೇ ತಾನೇ.

ಹೇಳಿದ ಹಾಗೇ ಗಾಳಿ ಬಂತು. ಮೊದಲು ದೂರದಲ್ಲಿ ನೀರಿನ ಬಣ್ಣ ಕಪ್ಪಾಯಿತು, ಆಮೇಲೆ ಟಾರ್ಪಾಲು ಪಟಪಟ ಅನ್ನತೊಡಗಿತು. ತುಂಬು ಉಬ್ಬರದಲ್ಲೇ ಅಳಿವೆ ದಾಟಿ ಒಳಗೆ ಬಂದೆವು. ಬೆಳಿಗ್ಗೆ ಹೆದರಿಸಿದ್ದ ಬಿಳಿ ಗೆರೆ ಇದ್ದ ಜಾಗ ಯಾವುದು ಅಂತಲೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಪೂರ್ತಿ ಹೊಳೆಯಲ್ಲಿ. ಅಲ್ಲಿ ಗಾಳಿ ಇದ್ದರೂ ಅಲೆ ಇಲ್ಲ. ನದಿಯ ನಡುವೆ ಸಣ್ಣ ಸಣ್ಣ ಕುದ್ರುಗಳು, ಅಂದರೆ ನಡುಗಡ್ಡೆಗಳು, ಕೆಲವದರ ಮೇಲೆ ಮನೆಗಳೂ ಇವೆ. ಒಂದು ಕುದ್ರುವಿನ ತೆಂಗಿನ ಮರಕ್ಕೆ ದೋಣಿ ಕಟ್ಟಿ ನೆರಳಲ್ಲಿ ಮಲಗಿದೆವು. ಕೈ ಅದ್ದಿ ನಾಲಿಗೆಗೆ ಇಟ್ಟು ನೋಡಿದೆ, ಹೊಳೆ ನೀರು ಪೂರಾ ಉಪ್ಪು. ಬೇಸಿಗೆಯಲ್ಲಿ ಮೇಲಿನಿಂದ ಸಿಹಿನೀರು ಬರೋದು ಕಡಿಮೆಯಾದ ಹಾಗೆ ಕಡಲ ನೀರು ಒಳಗೊಳಗೆ ನುಗ್ಗುತ್ತದೆ. ಅದನ್ನು ತಡೆಯೋಕೇ ಊರೂರಲ್ಲಿ ಕಿಂಡಿ ಅಣೆಕಟ್ಟು ಕಟ್ಟಿರೋದು, ಹಲಗೆ ಹಾಕಿ ಮೇಲೆ ಸಿಹಿನೀರು ಹಿಡಿದಿಡುತ್ತಾರೆ. ಹೊಳೆ ಬಡವಾದರೆ ದಡದ ಬಾವಿಗಳೂ ಸವುಳು. ಇದೇ ಸ್ವರ್ಣಾ ನದಿಗೆ ಮೇಲೆ ಬಜೆಯಲ್ಲಿ ಕಟ್ಟಿರುವ ಅಣೆಕಟ್ಟಿನಿಂದ ಉಡುಪಿ ಪೇಟೆಗೆ ಕುಡಿಯುವ ನೀರು. 2019ರ ಮೇ ತಿಂಗಳಲ್ಲಿ ಅದು ಬರಿದಾಗಿ ಉಡುಪಿಯಲ್ಲಿ ಟ್ಯಾಂಕರ್ ಓಡಾಡಿದ್ದನ್ನು ಮ್ಯಾನೇಜರ್ ಸಾರ್ ಹೇಳಿದರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳೋ ಊರು! ನಮಗೆ ಏಳೂವರೆ ನೂರರ ಆಸುಪಾಸು. ಟ್ಯಾಂಕರ್ ಅಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಘಟ್ಟದ ನೀರನ್ನು ನಮ್ಮ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮಾತು ಬಂದದ್ದು ಇಲ್ಲೇ. ಬರದೇ ಇರುತ್ತದಾ? ಕೋಲಾರದವರು ಕರಾವಳಿಯವರು ಒಂದೇ ದೋಣಿಯಲ್ಲಿ ಕೂತಿದ್ದೇವೆ. ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು, ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಗೌರಿ ಹಬ್ಬದ ದಿನ ಸಕಲೇಶಪುರ ಕಡೆ ಉದ್ಘಾಟನೆಯಾಯಿತು. ನೇತ್ರಾವತಿಗೆ ಸೇರುವ ಹಳ್ಳಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ, ಅಂದರೆ ಸುಮಾರು 2,400 ಕೋಟಿ ಘನ ಅಡಿ, ನೀರು ಎತ್ತಿ ನಮ್ಮ ಕಡೆಗೆ ತರುವ ಲೆಕ್ಕ. ನಮ್ಮ ಕೆರೆಗಳಿಗೆ ಇನ್ನೂ ಅದು ಬಂದಿಲ್ಲ. ನಾನು ಹೇಳೋದು ಹೇಳಿದೆ. ನಮ್ಮ ನೀರಲ್ಲಿ ಫ್ಲೋರೈಡ್ ಇದೆ, ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನಿಗೆ ನೀರು ಹಿಡಿದು ಕುಡಿಯುವವರು ನಾವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆಸಿ ವ್ಯಾಲಿ ಅಂತ ನಮ್ಮ ಕೆರೆಗೆ ಬಿಟ್ಟಿದ್ದಾರೆ, ಅಂತರ್ಜಲ ಏರಿತು ಅಂತ ಖುಷಿಪಡೋರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಹೋರಾಡೋರೂ ಇದ್ದಾರೆ. ಬೆಂಗಳೂರಿಗೆ ಕಾವೇರಿ, ನಮಗೆ ಬೆಂಗಳೂರು ಬಳಸಿ ಬಿಟ್ಟ ನೀರು. ಇಷ್ಟೆಲ್ಲ ಇರುವಾಗ ಇಲ್ಲಿ ಸುಮ್ನೆ ಸಮುದ್ರಕ್ಕೆ ಹೋಗೋದರಲ್ಲಿ ಸ್ವಲ್ಪ ಕೊಟ್ಟರೇನು ಅಂದೆ.

ತಾಂಡೇಲರು ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡು ಮಲಗಿದ್ದರು. ಎದ್ದು ಕೂತರು. "ಸುಮ್ನೆ ಎಲ್ಲಿ ಹೋಗ್ತದೆ ಮೇಷ್ಟ್ರೆ? ಹೊಳೆ ನೀರು ಬಾರದಿದ್ರೆ ಮೀನಿಗೆ ಎಂತ ತಿನ್ನುದು?"

ಆಮೇಲೆ ಅವರು ಹೇಳಿದ್ದು, ಮ್ಯಾನೇಜರ್ ಸಾರ್ ಸೇರಿಸಿದ್ದು, ನಾನು ಊರಿಗೆ ಬಂದ ಮೇಲೆ ಓದಿದ್ದು ಎಲ್ಲಾ ಸೇರಿಸಿ ಹೇಳುತ್ತೇನೆ. ಜೂನಿನಲ್ಲಿ ಹೊಳೆ ಕೆಂಪಗೆ ತುಂಬಿ ಬಂದಾಗ ಘಟ್ಟದ ಮಣ್ಣು, ಎಲೆ ಕೊಳೆತದ್ದು ಎಲ್ಲ ಕಡಲಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮಳೆಗಾಲದ ಗಾಳಿಯಿಂದ ಕಡಲ ಕೆಳಗಿನ ತಣ್ಣೀರು ಮೇಲೆ ಬರುತ್ತದೆ, ಅದರಲ್ಲೂ ಸತ್ವ ಇರುತ್ತದೆ. ಎರಡೂ ಸೇರಿ ಕಣ್ಣಿಗೆ ಕಾಣದ ಪಾಚಿ, ಪ್ಲವಕಗಳು ಹೆಚ್ಚುತ್ತವೆ. ಬೂತಾಯಿ, ಬಂಗುಡೆ ಬದುಕೋದು ಅವುಗಳಿಂದ. ಸಿಗಡಿ ಮರಿಗಳು ಬೆಳೆಯೋದೇ ಇಂಥ ಅಳಿವೆಗಳ ಉಪ್ಪು ಸಿಹಿ ಬೆರೆತ ನೀರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಕೊಡುವುದೂ ಮೀನಿಗೆ ಮರಿ ಮಾಡಿ ಬೆಳೆಯೋಕೆ ಸಮಯ ಸಿಗಲಿ ಅಂತ. ಇನ್ನು ಮರಳು. ನಾವು ಬೀಚು ಅಂತ ಓಡಿ ಬರುವ ಮರಳಿನಲ್ಲಿ ಬಹುಪಾಲು ಹೊಳೆ ತಂದು ಹಾಕಿದ್ದು. ಹೊಳೆ ತರುವುದು ಕಡಿಮೆಯಾದರೆ ಕಡಲು ದಡ ತಿನ್ನುವುದು ಜಾಸ್ತಿ. ಮನೆ ಮುಂದೆ ಕಲ್ಲು ಸುರಿದು ಕೂತ ಜನರನ್ನು ಕೋಡಿಬೆಂಗ್ರೆಯಲ್ಲಿ ಬೆಳಿಗ್ಗೆಯೇ ನೋಡಿದ್ದೆ.

ನನಗೆ ನೀರು ಬೇಡ ಅಂತ ಆಗಲಿಲ್ಲ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಕುಡಿಯುವ ನೀರಿಗೆ ನಮ್ಮ ಕಡೆಯವರು ಬೀದಿಗಿಳಿದದ್ದು ನ್ಯಾಯವೇ. ಆದರೆ ವೇಸ್ಟ್ ಅನ್ನೋ ಪದ ಆ ದೋಣಿಯಲ್ಲಿ ಬಾಯಿಗೆ ಬರಲಿಲ್ಲ, ಎದುರಿಗೆ ಕೂತವರು ಆ ನೀರಿನಲ್ಲಿ ಮಕ್ಕಳನ್ನು ಓದಿಸಿದವರು. ಕೊಡಿ ಅಂತ ಕೇಳಬಹುದು. ಸುಮ್ನೆ ಹೋಗೋದನ್ನ ತಗೋತೀವಿ ಅಂದರೆ ಅದು ಕೇಳಿದ ಹಾಗಲ್ಲ. ಮ್ಯಾನೇಜರ್ ಸಾರ್ ಮಾತ್ರ ಎರಡೂ ಕಡೆ ತಲೆ ಆಡಿಸುತ್ತಿದ್ದರು. ಬ್ಯಾಂಕಿನಲ್ಲೂ ಹೀಗೇ ಇದ್ದರು.

ಸಂಜೆ ಇಳಿತ. ನೋಡನೋಡುತ್ತಾ ಹೊಳೆ ನಡುವೆ ಮರಳು ದಿಬ್ಬಗಳು ಎದ್ದವು, ನಾವು ಮಧ್ಯಾಹ್ನ ಬಂದ ದಾರಿಯಲ್ಲೇ ದೋಣಿ ತಳ ಉಜ್ಜಿ ನಿಂತಿತು. ಪ್ಯಾಂಟ್ ಮಡಚಿ ಇಳಿದು ತಳ್ಳಿದೆವು. ಅಷ್ಟರಲ್ಲಿ ಬುಟ್ಟಿ, ಚೀಲ ಹಿಡಿದ ಹೆಂಗಸರು ಮೊಣಕಾಲುದ್ದದ ನೀರಿಗೆ ಇಳಿದಿದ್ದರು. ಬಗ್ಗಿ ಮರಳಲ್ಲಿ ಕೈ ಆಡಿಸಿ ಮರುವಾಯಿ ಅನ್ನೋ ಕಪ್ಪೆಚಿಪ್ಪು ಆರಿಸುತ್ತಿದ್ದರು. ಇಳಿತದ ಒಂದೆರಡು ಗಂಟೆ ಅವರ ಕೆಲಸದ ಹೊತ್ತು. ದಿನಕ್ಕೆ ಸುಮಾರು ಐವತ್ತು ನಿಮಿಷ ಅದು ಮುಂದೆ ಹೋಗುತ್ತಾ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಮನೆಯ ಅಡುಗೆ, ಮಕ್ಕಳ ಸ್ನಾನ ಎಲ್ಲಾ ಹಿಂದೆ ಮುಂದೆ. ನನ್ನ ಹೆಂಡತಿ ಅವರ ಜೊತೆ ನಿಂತು ಆರಿಸೋಕೆ ಪ್ರಯತ್ನಪಟ್ಟಳು. ಅವಳಿಗೆ ಸಿಕ್ಕಿದ್ದೆಲ್ಲ ಬರೀ ಖಾಲಿ ಚಿಪ್ಪು, ಅವರಿಗೆ ಅದೇ ಜಾಗದಲ್ಲಿ ಮುಷ್ಟಿ ತುಂಬ. ಕೊನೆಗೆ ಅಕ್ಕ ತಗೊಳ್ಳಿ ಅಂತ ಒಬ್ಬರು ಒಂದು ಪಾವಿನಷ್ಟು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಮಾವಿನಹಣ್ಣು ತೆಗೆದುಕೊಂಡರು. ರಾತ್ರಿ ಮರುವಾಯಿ ಸುಕ್ಕ.

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಅದೇ ಪಾಠ ಬಂತು. ಬೋರ್ಡಿನ ಮೇಲೆ ಅಳಿವೆ ಬರೆದೆ. ಮರಳು ದಿಬ್ಬ, ಕುದ್ರು, ಕಿಂಡಿ ಅಣೆಕಟ್ಟು, ಮರುವಾಯಿ ಆರಿಸುವವರು ಎಲ್ಲ ಬರೆದೆ. ನಮ್ಮೂರ ಮಳೆ ಪಾಲಾರ್ ಹಿಡಿದು ಪೂರ್ವಕ್ಕೆ, ಆಂಧ್ರ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಲ್ಲ, ಅದು ವೇಸ್ಟಾ ಅಂತ ಕೇಳಿದೆ. ಹರಿದ್ರೆ ತಾನೇ ಸಾರ್ ಅಂತ ಮುಂದಿನ ಬೆಂಚಿನ ಹುಡುಗಿ ಅಂದಳು, ಎಲ್ಲರೂ ನಕ್ಕರು. ಮರುವಾಯಿ ತಿಂದ್ರೆ ಹೇಗಿರುತ್ತೆ ಸಾರ್ ಅಂತ ಇನ್ನೊಬ್ಬ. ಮುದ್ದೆಗೆ ಚೆನ್ನಾಗಿ ಹೊಂದುತ್ತೆ ಅಂದೆ. ಹಿಂದಿನ ಬೆಂಚಿನ ಒಬ್ಬ ಮಾತ್ರ ಒಪ್ಪಲೇ ಇಲ್ಲ. ಅವನ ಅಪ್ಪ ಹೋದ ವರ್ಷ ಕೊರೆಸಿದ ಬೋರ್ ಫೇಲಾಗಿದೆ. "ಅವರಿಗೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಅಂತ ನೀವೇ ಹೇಳಿದ್ರಿ. ಅದರಲ್ಲಿ 24 ಟಿಎಂಸಿ ತಗೊಂಡ್ರೆ ಎಷ್ಟು ಕಮ್ಮಿ ಆಗುತ್ತೆ ಸಾರ್?" ಒಳ್ಳೆ ಪ್ರಶ್ನೆ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್ ಅಂತ ಬರೆದು ಕೊಟ್ಟು, ನೇತ್ರಾವತಿಯಲ್ಲಿ ವರ್ಷಕ್ಕೆ ಎಷ್ಟು ನೀರು ಹರಿಯುತ್ತೆ ಹುಡುಕು, ನಮ್ಮೂರ ಕೆರೆ ತುಂಬೋಕೆ ಎಷ್ಟು ಬೇಕು ಅದನ್ನೂ ಕೇಳಿಕೊಂಡು ಬಾ, ಇಬ್ಬರೂ ಕೂತು ಲೆಕ್ಕ ಹಾಕೋಣ ಅಂದಿದ್ದೇನೆ. ಪಂಚಾಯಿತಿ ಆಫೀಸಿಗೆ ಹೋಗಿದ್ದನಂತೆ, ಸೋಮವಾರ ಬಾ ಅಂದರಂತೆ.